ಶೆಲ್ ಸ್ಕ್ರಿಪ್ಟ್‌ಗೂ ಬೇಕು ಒಂದು ಟ್ರಯಲ್ ಬ್ಯಾಲೆನ್ಸ್

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ. ಕಮಾಂಡ್‌ಗಳನ್ನು ಬಾಯಲ್ಲಿ ಹೇಳಿದ ಹಾಗೆಯೇ ಬರೆಯಲಾಗಿದೆ.)

ಇವತ್ತಿನ ಸಂಚಿಕೆಯಲ್ಲಿ ಅತಿಥಿಗಳು ಯಾರೂ ಇಲ್ಲ, ನಾನೊಬ್ಬಳೇ. ವಿಷಯ ಸ್ವಲ್ಪ ಟೆಕ್ನಿಕಲ್. ಆದರೆ ನಾನು ಓದಿದ್ದು ಬಿ.ಕಾಂ., ಕಂಪ್ಯೂಟರ್ ಸೈನ್ಸ್ ಅಲ್ಲ. ಹಾಗಾಗಿ ನನಗೆ ಅರ್ಥವಾದ ರೀತಿಯಲ್ಲೇ ಹೇಳ್ತೀನಿ. ನೀವು ಲಿನಕ್ಸ್ ಅಥವಾ ಮ್ಯಾಕ್ ಬಳಸುವವರಾಗಿದ್ದು, ದಿನಾ ಮಾಡುವ ಕೆಲಸಕ್ಕೆ ನಾಲ್ಕು ಸಾಲಿನ ಶೆಲ್ ಸ್ಕ್ರಿಪ್ಟ್ ಬರೆದುಕೊಂಡಿದ್ದರೆ ಈ ಸಂಚಿಕೆ ನಿಮಗೇ. ಬರೆಯದೇ ಇದ್ದವರೂ ಕೇಳಿ. ಯಾಕಂದ್ರೆ ನಿಮ್ಮ ಡೇಟಾ ಇಟ್ಟುಕೊಂಡಿರುವ ಎಷ್ಟೋ ಕಡೆ ರಾತ್ರಿ ಎರಡು ಗಂಟೆಗೆ ಯಾರೋ ಬರೆದಿಟ್ಟ ಇಂಥದ್ದೇ ಒಂದು ಸ್ಕ್ರಿಪ್ಟ್ ಓಡ್ತಾ ಇರುತ್ತೆ.

ಶೆಲ್ ಸ್ಕ್ರಿಪ್ಟ್ ಅಂದ್ರೆ ಏನು? ಟರ್ಮಿನಲ್‌ನಲ್ಲಿ ಒಂದೊಂದಾಗಿ ಟೈಪ್ ಮಾಡುವ ಕಮಾಂಡ್‌ಗಳನ್ನು ಒಂದು ಫೈಲ್‌ನಲ್ಲಿ ಸಾಲಾಗಿ ಬರೆದಿಟ್ಟು, ಒಂದೇ ಸಲಕ್ಕೆ ಓಡಿಸುವುದು. ಈ ಫೋಲ್ಡರ್ ನಕಲು ಮಾಡು, ಆ ಹಳೇ ಫೈಲ್ ಅಳಿಸು, ಈ ಆಡಿಯೋನ ಎಂಪಿ3 ಮಾಡು, ಅಷ್ಟೇ. ಇಷ್ಟು ಸಣ್ಣದಕ್ಕೆ ಟೆಸ್ಟ್ ಯಾಕೆ ಬೇಕು ಅಂತ ಎಲ್ಲರಿಗೂ ಅನ್ನಿಸುತ್ತೆ. ಆಪ್ ಕಟ್ಟುವವರು ಟೆಸ್ಟ್ ಬರೀತಾರೆ, ಬ್ಯಾಂಕ್ ಸಾಫ್ಟ್‌ವೇರ್‌ಗೆ ಟೆಸ್ಟ್ ಇರುತ್ತೆ, ನಾಲ್ಕು ಸಾಲಿಗೆ ಎಂಥದ್ದು? ಇದಕ್ಕೆ ಉತ್ತರ ಜಪಾನಿನಲ್ಲಿ ಸಿಗುತ್ತೆ.

ಕ್ಯೋಟೋದಲ್ಲಿ ಆಗಿದ್ದೇನು

2021ರ ಡಿಸೆಂಬರ್. ಕ್ಯೋಟೋ ವಿಶ್ವವಿದ್ಯಾಲಯದ ಸೂಪರ್ ಕಂಪ್ಯೂಟರ್. ಅದರ ಸ್ಟೋರೇಜ್‌ನಿಂದ ಸುಮಾರು 77 ಟೆರಾಬೈಟ್ ಡೇಟಾ ಎರಡು ದಿನದೊಳಗೆ ಅಳಿಸಿಹೋಯಿತು. ಫೈಲ್‌ಗಳ ಲೆಕ್ಕದಲ್ಲಿ ಹೇಳೋದಾದ್ರೆ ಸುಮಾರು 3 ಕೋಟಿ 40 ಲಕ್ಷ. ತೊಂದರೆಗೆ ಸಿಕ್ಕಿದ್ದು 14 ಸಂಶೋಧನಾ ಗುಂಪುಗಳು. ಅದರಲ್ಲಿ 4 ಗುಂಪುಗಳ ಡೇಟಾವನ್ನು ಬ್ಯಾಕಪ್‌ನಿಂದಲೂ ವಾಪಸ್ ತರೋಕೆ ಆಗಲ್ಲ ಅಂತ ವಿಶ್ವವಿದ್ಯಾಲಯವೇ ಪ್ರಕಟಿಸಿತು.

ಹ್ಯಾಕರ್ ಅಲ್ಲ, ವೈರಸ್ ಅಲ್ಲ, ಬೆಂಕಿ ಬಿದ್ದಿದ್ದೂ ಅಲ್ಲ. ಅಳಿಸಿದ್ದು ಬ್ಯಾಕಪ್ ಪ್ರೋಗ್ರಾಮಿನ ಒಂದು ಶೆಲ್ ಸ್ಕ್ರಿಪ್ಟ್. ಕಾಯಬೇಕಾಗಿದ್ದ ಬೇಲಿಯೇ ಹೊಲ ಮೇಯ್ದಂತೆ.

ವಿವರ ಹೀಗಿದೆ. ಆ ಸ್ಕ್ರಿಪ್ಟ್‌ನಲ್ಲಿ 10 ದಿನಕ್ಕಿಂತ ಹಳೆಯ ಲಾಗ್ ಫೈಲ್‌ಗಳನ್ನು ಹುಡುಕಿ ಅಳಿಸುವ ಒಂದು ಭಾಗ ಇತ್ತು. ಸ್ಕ್ರಿಪ್ಟ್ ಓದೋಕೆ ಸುಲಭ ಆಗಲಿ ಅಂತ ಅದರ ವೇರಿಯಬಲ್‌ಗಳ ಹೆಸರು ಬದಲಿಸಿದರು. ಬದಲಿಸಿದ್ದನ್ನು ಹಳೆಯ ಸ್ಕ್ರಿಪ್ಟ್ ಇನ್ನೂ ಓಡ್ತಾ ಇದ್ದಾಗಲೇ ಅದರ ಮೇಲೆ ಬರೆದರು. ಬ್ಯಾಶ್ ಎಂಬ ಶೆಲ್‌ನ ಒಂದು ಗುಣ ಇಲ್ಲಿ ಮುಖ್ಯ. ಅದು ಇಡೀ ಫೈಲ್‌ನ ಒಂದೇ ಸಲ ಓದಿಟ್ಟುಕೊಳ್ಳಲ್ಲ, ಓಡಿಸ್ತಾ ಓಡಿಸ್ತಾ ಮುಂದಿನ ಸಾಲು ಓದ್ತಾ ಹೋಗುತ್ತೆ. ಹಾಗಾಗಿ ಅರ್ಧ ಓಡಿದ್ದು ಹಳೇ ಸ್ಕ್ರಿಪ್ಟ್, ಅಲ್ಲಿಂದ ಮುಂದೆ ಓಡಿದ್ದು ಹೊಸದು. ಹೊಸ ಭಾಗ ಕೇಳುವ ವೇರಿಯಬಲ್‌ಗೆ ಯಾರೂ ಬೆಲೆ ಕೊಟ್ಟೇ ಇಲ್ಲ. ಲಾಗ್ ಫೋಲ್ಡರ್‌ನ ವಿಳಾಸ ಇರಬೇಕಾದ ಜಾಗದಲ್ಲಿ ಖಾಲಿ. ಲಾಗ್ ಅಳಿಸಬೇಕಾದ ಕಮಾಂಡ್ ಸಂಶೋಧಕರ ಫೈಲ್‌ಗಳನ್ನು ಅಳಿಸ್ತಾ ಹೋಯಿತು. ಸಿಸ್ಟಮ್ ಒದಗಿಸಿದ್ದ ಹ್ಯೂಲೆಟ್ ಪ್ಯಾಕರ್ಡ್‌ನ ಜಪಾನ್ ಕಂಪನಿ ಜವಾಬ್ದಾರಿ ಪೂರ್ತಿ ತನ್ನದೇ ಅಂತ ಬರೆದುಕೊಟ್ಟಿತು.

ಇದೊಂದೇ ಅಲ್ಲ. 2015ರ ಜನವರಿಯಲ್ಲಿ ಲಿನಕ್ಸ್‌ನ ಸ್ಟೀಮ್ ಗೇಮಿಂಗ್ ಆಪ್‌ನ ಸ್ಕ್ರಿಪ್ಟ್ ಬಗ್ಗೆ ಒಬ್ಬ ಬಳಕೆದಾರ ದೂರು ಕೊಟ್ಟ. ಆ ಸ್ಕ್ರಿಪ್ಟ್‌ನಲ್ಲಿ ‘ಸ್ಟೀಮ್‌ರೂಟ್ ಸ್ಲ್ಯಾಶ್ ಸ್ಟಾರ್ ಅನ್ನು ಆರ್‌ಎಂ ಮೈನಸ್ ಆರ್‌ಎಫ್ ಮಾಡು’ ಅಂತ ಒಂದು ಸಾಲು ಇತ್ತು. ಅಂದ್ರೆ ಸ್ಟೀಮ್ ಇರುವ ಫೋಲ್ಡರ್ ಒಳಗಿನದ್ದನ್ನೆಲ್ಲ ಪ್ರಶ್ನೆ ಕೇಳದೆ ಅಳಿಸು ಅಂತ. ಆ ಸ್ಟೀಮ್‌ರೂಟ್ ಖಾಲಿಯಾದರೆ? ಉಳಿಯೋದು ಸ್ಲ್ಯಾಶ್ ಸ್ಟಾರ್. ಲಿನಕ್ಸ್‌ನಲ್ಲಿ ಸ್ಲ್ಯಾಶ್ ಅಂದ್ರೆ ಇಡೀ ಕಂಪ್ಯೂಟರಿನ ಬುಡ. ಆತನ ಫೈಲ್‌ಗಳಷ್ಟೇ ಅಲ್ಲ, ಸಿಕ್ಕಿಸಿದ್ದ ಬ್ಯಾಕಪ್ ಡಿಸ್ಕ್ ಕೂಡ ಖಾಲಿ. ತಮಾಷೆ ಅಂದ್ರೆ, ಆ ಸಾಲಿನ ಹತ್ತಿರ ‘ಇದು ಭಯ ಹುಟ್ಟಿಸುತ್ತೆ’ ಎಂಬ ಅರ್ಥದ ಒಂದು ಟಿಪ್ಪಣಿಯನ್ನು ಬರೆದವರೇ ಹಾಕಿದ್ದರು.

ಎರಡೂ ಕಥೆಯಲ್ಲಿ ಕಳ್ಳ ಒಬ್ಬನೇ, ಖಾಲಿ ವೇರಿಯಬಲ್. ಶೆಲ್‌ನ ದೃಷ್ಟಿಯಲ್ಲಿ ಬೆಲೆ ಕೊಡದ ವೇರಿಯಬಲ್ ತಪ್ಪೇನಲ್ಲ, ಅದು ಬರೀ ಖಾಲಿ ಜಾಗ. ಬೇರೆ ಭಾಷೆಗಳು ಅಲ್ಲೇ ನಿಂತು ಗಲಾಟೆ ಮಾಡ್ತವೆ. ಶೆಲ್ ಸುಮ್ಮನೆ ಮುಂದಕ್ಕೆ ಹೋಗುತ್ತೆ.

ನನ್ನ ಸ್ಕ್ರಿಪ್ಟ್ ಮಾಡುವ ಕೆಲಸ

ಈಗ ನನ್ನ ವಿಷಯಕ್ಕೆ ಬರೋಣ. ಒಂದು ಗಂಟೆಯ ಸಂದರ್ಶನದ ವೇವ್ ಫೈಲ್, ಸ್ಟೀರಿಯೋ, 24 ಬಿಟ್, 48 ಕಿಲೋಹರ್ಟ್ಸ್ ಅಂದ್ರೆ ಸರಿಸುಮಾರು 1 ಜಿಬಿ ಆಗುತ್ತೆ. ಇಬ್ಬರಿಗೆ ಎರಡು ಮೈಕ್, ಜೊತೆಗೆ ಎಡಿಟ್ ಮಾಡಿದ ಪ್ರತಿ, ಲ್ಯಾಪ್‌ಟಾಪ್ ಎರಡೇ ತಿಂಗಳಲ್ಲಿ ತುಂಬಿಹೋಗುತ್ತೆ. ಅದಕ್ಕೇ ಒಂದು ಸ್ಕ್ರಿಪ್ಟ್ ಇಟ್ಟುಕೊಂಡಿದ್ದೀನಿ. ಪ್ರತಿ ರಾತ್ರಿ ಅದು ಎರಡು ಕೆಲಸ ಮಾಡುತ್ತೆ. ಮೊದಲು ಹೊಸ ರೆಕಾರ್ಡಿಂಗ್‌ಗಳನ್ನು ಹೊರಗಿನ ಡಿಸ್ಕ್‌ಗೆ ನಕಲು ಮಾಡುತ್ತೆ. ಆಮೇಲೆ 30 ದಿನಕ್ಕಿಂತ ಹಳೆಯದಾಗಿದ್ದು, ಹೊರಗಿನ ಡಿಸ್ಕ್‌ನಲ್ಲಿ ಪ್ರತಿ ಇರುವ ಫೈಲ್‌ಗಳನ್ನು ಲ್ಯಾಪ್‌ಟಾಪ್‌ನಿಂದ ಅಳಿಸುತ್ತೆ.

ಆ ಫೋಲ್ಡರ್‌ನಲ್ಲಿ ಏನಿದೆ ಗೊತ್ತಾ? ನಾನು ಮಾತಾಡಿಸಿದ ಹಿರಿಯರ ದನಿಗಳು. ಅವರಲ್ಲಿ ಇಬ್ಬರು ಈಗ ಇಲ್ಲ. ಸಂಚಿಕೆಯಲ್ಲಿ ಬಂದಿದ್ದು ನಲವತ್ತು ನಿಮಿಷ, ರೆಕಾರ್ಡಿಂಗ್ ಇರೋದು ಮೂರು ಗಂಟೆ. ಮಿಕ್ಕ ಎರಡು ಚಿಲ್ಲರೆ ಗಂಟೆ ಜಗತ್ತಿನಲ್ಲಿ ಬೇರೆ ಎಲ್ಲೂ ಇಲ್ಲ. ಮತ್ತೆ ಹೋಗಿ ಕೇಳೋಣ ಅಂದ್ರೆ ಆಗಲ್ಲ. ‘ನಾಲ್ಕು ಸಾಲಿಗೆ ಟೆಸ್ಟ್ ಯಾಕೆ’ ಅನ್ನೋ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ಸಾಲು ಎಷ್ಟಿದೆ ಅನ್ನೋದು ಲೆಕ್ಕ ಅಲ್ಲ, ಆ ಸಾಲಿನ ಕೈಗೆ ಏನು ಕೊಟ್ಟಿದ್ದೀವಿ ಅನ್ನೋದು ಲೆಕ್ಕ.

ಮೂರು ಕಡೆ ತಾಳೆ ನೋಡಿ

ಟೆಸ್ಟ್ ಅಂದ್ರೆ ದೊಡ್ಡ ವಿದ್ಯೆ ಏನಲ್ಲ. ಸ್ಕ್ರಿಪ್ಟ್‌ಗೆ ಒಂದು ಸಣ್ಣ ನಕಲಿ ಪ್ರಪಂಚ ಕಟ್ಟಿಕೊಡಿ, ಅದರೊಳಗೆ ಓಡಿಸಿ, ಆಮೇಲೆ ಏನಾಯ್ತು ಅಂತ ತಾಳೆ ನೋಡಿ. ಈ ನೋಡುವ ಕೆಲಸವನ್ನೂ ಇನ್ನೊಂದು ಸ್ಕ್ರಿಪ್ಟ್‌ಗೆ ಬರೆದುಕೊಟ್ಟರೆ ಅದೇ ಆಟೋಮೇಟೆಡ್ ಟೆಸ್ಟ್.

ತಾಳೆ ನೋಡಬೇಕಾದ್ದು ಮೂರು. ಮೊದಲನೆಯದು ಎಕ್ಸಿಟ್ ಕೋಡ್. ಪ್ರತಿ ಕಮಾಂಡ್ ಮುಗಿದಾಗ ಒಂದು ಸಂಖ್ಯೆ ಬಿಟ್ಟು ಹೋಗುತ್ತೆ. ಸೊನ್ನೆ ಅಂದ್ರೆ ಎಲ್ಲ ಸರಿ, ಬೇರೆ ಯಾವ ಸಂಖ್ಯೆಯಾದರೂ ಏನೋ ಎಡವಟ್ಟು. ಎರಡನೆಯದು ಔಟ್‌ಪುಟ್, ಅಂದ್ರೆ ಅದು ಪರದೆ ಮೇಲೆ ಏನು ಬರೆಯಿತು. ಮೂರನೆಯದು ಪರಿಣಾಮ. ಯಾವ ಫೈಲ್ ಹೋಯಿತು, ಯಾವುದು ಉಳಿಯಿತು, ಯಾವುದು ಹೊಸದಾಗಿ ಬಂತು. ಅಕೌಂಟ್ಸ್ ಓದಿದವರಿಗೆ ಇದು ಹೊಸದಲ್ಲ. ಕ್ಯಾಶಿಯರ್ ‘ಸರಿ ಇದೆ’ ಅಂದಿದ್ದು ಒಂದು, ಬುಕ್‌ನಲ್ಲಿ ಬರೆದಿದ್ದು ಒಂದು, ಗಲ್ಲಾಪೆಟ್ಟಿಗೆಯಲ್ಲಿರುವ ಹಣ ಒಂದು. ಮೂರೂ ಹೊಂದಬೇಕು. ಸ್ಕ್ರಿಪ್ಟ್ ಸೊನ್ನೆ ಕೊಟ್ಟಿತು ಅಂತ ನಂಬಿ ಕೂತರೆ, ಗಲ್ಲಾ ತೆಗೆದು ನೋಡದೆ ಅಂಗಡಿ ಮುಚ್ಚಿದ ಹಾಗೆ.

ಮೊದಲು ಸ್ಕ್ರಿಪ್ಟ್‌ನ್ನೇ ಸ್ವಲ್ಪ ರೆಡಿ ಮಾಡಿ

ಟೆಸ್ಟ್ ಬರೆಯೋಕೆ ಮುಂಚೆ ಸ್ಕ್ರಿಪ್ಟ್‌ನಲ್ಲಿ ಎರಡು ಬದಲಾವಣೆ ಬೇಕು.

ಒಂದು, ಫೋಲ್ಡರ್‌ನ ವಿಳಾಸವನ್ನು ಸ್ಕ್ರಿಪ್ಟ್ ಒಳಗೆ ಗಟ್ಟಿಯಾಗಿ ಬರೆಯಬೇಡಿ, ಹೊರಗಿನಿಂದ ಕೊಡುವ ಹಾಗೆ ಮಾಡಿ. ‘ಯಾವ ಫೋಲ್ಡರ್ ಗುಡಿಸಬೇಕು, ಬ್ಯಾಕಪ್ ಎಲ್ಲಿದೆ’ ಅಂತ ಸ್ಕ್ರಿಪ್ಟ್ ನಿಮ್ಮನ್ನು ಕೇಳಬೇಕು. ಆಗ ನಿಜವಾಗಿ ಓಡಿಸುವಾಗ ನಿಜದ ಫೋಲ್ಡರ್ ಕೊಡ್ತೀರಿ, ಟೆಸ್ಟ್‌ನಲ್ಲಿ ನಕಲಿ ಫೋಲ್ಡರ್ ಕೊಡ್ತೀರಿ. ಗಟ್ಟಿಯಾಗಿ ಬರೆದಿದ್ದರೆ ಟೆಸ್ಟ್ ಓಡಿಸೋದು ಅಂದ್ರೆ ನಿಜದ ರೆಕಾರ್ಡಿಂಗ್ ಮೇಲೇ ಓಡಿಸೋದು. ಆ ಧೈರ್ಯ ಬೇಡ.

ಎರಡು, ಕೆಲಸವನ್ನು ಫಂಕ್ಷನ್‌ಗಳಾಗಿ ಒಡೆಯಿರಿ. ‘ಇದು ಹಳೇ ಫೈಲಾ’ ಅಂತ ನೋಡುವುದು ಒಂದು, ‘ಇದಕ್ಕೆ ಬ್ಯಾಕಪ್ ಇದೆಯಾ’ ಅಂತ ನೋಡುವುದು ಒಂದು, ಅಳಿಸುವುದು ಒಂದು. ಇವನ್ನೆಲ್ಲ ಕರೆಯುವ ‘ಮೇನ್’ ಅಂತ ಇನ್ನೊಂದು ಫಂಕ್ಷನ್ ಮಾಡಿ, ಫೈಲ್‌ನ ಕಟ್ಟಕಡೆಯ ಸಾಲಿನಲ್ಲಿ ಅದನ್ನು ಕರೆದು, ಅದೇ ಸಾಲಿನಲ್ಲಿ ಎಕ್ಸಿಟ್ ಹಾಕಿ. ಇದರಿಂದ ಇನ್ನೊಂದು ಲಾಭ ಇದೆ. ಫಂಕ್ಷನ್‌ನ ಓಡಿಸುವ ಮುಂಚೆ ಬ್ಯಾಶ್ ಅದನ್ನು ಪೂರ್ತಿ ಓದಲೇಬೇಕು. ಹಾಗಾಗಿ ಓಡ್ತಾ ಇರುವಾಗ ಯಾರಾದರೂ ಫೈಲ್ ಬದಲಿಸಿದರೂ ಕ್ಯೋಟೋದಲ್ಲಿ ಆದ ಹಾಗೆ ಅರ್ಧ ಹಳೇದು, ಅರ್ಧ ಹೊಸದು ಆಗಲ್ಲ. ಹೊಸ ಸ್ಕ್ರಿಪ್ಟ್ ಹಾಕುವಾಗಲೂ ಹಳೇ ಫೈಲ್ ಮೇಲೇ ಬರೆಯದೆ, ಪಕ್ಕದಲ್ಲಿ ಬೇರೆ ಹೆಸರಲ್ಲಿ ಇಟ್ಟು, ಎಂವಿ ಕಮಾಂಡ್‌ನಿಂದ ಹೆಸರು ಬದಲಿಸಿ ಜಾಗಕ್ಕೆ ತನ್ನಿ. ಆಗ ಓಡ್ತಾ ಇರುವುದು ಹಳೇ ಫೈಲನ್ನೇ ಹಿಡಿದುಕೊಂಡು ಮುಗಿಸುತ್ತೆ.

ಬ್ಯಾಟ್ಸ್ ಹಿಡಿದು ಟೆಸ್ಟ್ ಬರೆಯೋಣ

ಶೆಲ್ ಸ್ಕ್ರಿಪ್ಟ್ ಟೆಸ್ಟ್ ಮಾಡೋಕೆ ಬ್ಯಾಟ್ಸ್, ಶೆಲ್‌ಸ್ಪೆಕ್, ಎಸ್‌ಎಚ್‌ಯುನಿಟ್2 ಅಂತ ಒಳ್ಳೊಳ್ಳೆ ಸಾಧನಗಳಿವೆ, ಎಲ್ಲವೂ ಉಚಿತ. ನಾನು ಬಳಸೋದು ಬ್ಯಾಟ್ಸ್. ಬ್ಯಾಶ್ ಆಟೋಮೇಟೆಡ್ ಟೆಸ್ಟಿಂಗ್ ಸಿಸ್ಟಮ್ ಅನ್ನೋದರ ಮೊದಲಕ್ಷರಗಳು. ಮೂಲ ಯೋಜನೆ ನಿಂತುಹೋದ ಮೇಲೆ ಈಗ ಬ್ಯಾಟ್ಸ್ ಕೋರ್ ಎಂಬ ಹೆಸರಲ್ಲಿ ಸಮುದಾಯದವರು ನಡೆಸಿಕೊಂಡು ಬರ್ತಾ ಇದ್ದಾರೆ. ಟೆಸ್ಟ್ ಕೂಡ ಶೆಲ್‌ನಲ್ಲೇ ಬರೆಯೋದರಿಂದ ಹೊಸ ಭಾಷೆ ಕಲಿಯಬೇಕಾಗಿಲ್ಲ.

ಒಂದೊಂದು ಟೆಸ್ಟ್‌ಗೆ ಒಂದೊಂದು ಹೆಸರು ಕೊಡ್ತೀರಿ. ಹೆಸರು ಅಂದ್ರೆ ಒಂದು ಪೂರ್ತಿ ವಾಕ್ಯ, ಕನ್ನಡದಲ್ಲೇ ಬರೆದರೂ ಆಗುತ್ತೆ. ‘ಸೆಟಪ್’ ಎಂಬ ಫಂಕ್ಷನ್ ಬರೆದರೆ ಪ್ರತಿ ಟೆಸ್ಟ್‌ಗೂ ಮುಂಚೆ ಅದು ಓಡುತ್ತೆ, ನಕಲಿ ಪ್ರಪಂಚ ಕಟ್ಟೋದು ಅಲ್ಲೇ. ಪ್ರತಿ ಟೆಸ್ಟ್‌ಗೂ ಬ್ಯಾಟ್ಸ್ ಒಂದು ಹೊಸ ತಾತ್ಕಾಲಿಕ ಫೋಲ್ಡರ್ ಕೊಡುತ್ತೆ, ಆಮೇಲೆ ತಾನೇ ಗುಡಿಸುತ್ತೆ. ಆ ಫೋಲ್ಡರ್ ಒಳಗೆ ‘ರಾ’ ಅಂತ ಒಂದು, ‘ಬ್ಯಾಕಪ್’ ಅಂತ ಒಂದು ಫೋಲ್ಡರ್ ಮಾಡ್ತೀನಿ. ಟಚ್ ಕಮಾಂಡ್‌ಗೆ ‘40 ದಿನದ ಹಿಂದೆ’ ಅಂತ ತಾರೀಖು ಕೊಟ್ಟು ಒಂದು ಫೈಲ್ ಸೃಷ್ಟಿ ಮಾಡಿದರೆ, ಈ ಕ್ಷಣ ಹುಟ್ಟಿದ ಫೈಲ್‌ಗೆ ನಲವತ್ತು ದಿನದ ವಯಸ್ಸು ಬಂದುಬಿಡುತ್ತೆ. ಟೆಸ್ಟ್ ಮಾಡೋಕೆ ತಿಂಗಳು ಕಾಯಬೇಕಾಗಿಲ್ಲ.

ನನ್ನ ಗುಡಿಸುವ ಸ್ಕ್ರಿಪ್ಟ್‌ಗೆ ಇರುವ ಟೆಸ್ಟ್‌ಗಳು ಇವು.

ಒಂದನೆಯದು: ಹಳೇ ಫೈಲ್, ಬ್ಯಾಕಪ್ ಇದೆ. ಅಳಿಸಬೇಕು.

ಎರಡನೆಯದು: ಹಳೇ ಫೈಲ್, ಬ್ಯಾಕಪ್ ಇಲ್ಲ. ಅಳಿಸಬಾರದು.

ಮೂರನೆಯದು: ಹೊಸ ಫೈಲ್, ಬ್ಯಾಕಪ್ ಇದೆ. ಅಳಿಸಬಾರದು.

ನಾಲ್ಕನೆಯದು: ಹಳೇ ಫೈಲ್, ಬ್ಯಾಕಪ್‌ನಲ್ಲಿ ಅದೇ ಹೆಸರಿನ ಫೈಲ್ ಇದೆ, ಆದರೆ ಅದು ಸೊನ್ನೆ ಬೈಟ್. ಅಳಿಸಬಾರದು. ನಕಲು ಆಗ್ತಾ ಇರುವಾಗ ಕೇಬಲ್ ಕಿತ್ತರೆ, ಡಿಸ್ಕ್ ತುಂಬಿದರೆ ಇಂಥ ಹೆಸರಿಗಷ್ಟೇ ಇರುವ ಫೈಲ್ ಉಳಿಯಬಹುದು. ಈ ಟೆಸ್ಟ್ ಬರೆಯುವಾಗಲೇ ಹೊಳೆಯೋದು, ‘ಬ್ಯಾಕಪ್ ಇದೆಯಾ’ ಅಂದ್ರೆ ಹೆಸರು ನೋಡಿದರೆ ಸಾಲದು, ಒಳಗಿನದ್ದೂ ಹೊಂದಬೇಕು ಅಂತ. ಸಿಎಂಪಿ ಎಂಬ ಕಮಾಂಡ್ ಎರಡು ಫೈಲ್‌ಗಳನ್ನು ಬೈಟ್‌ಗೆ ಬೈಟ್ ಹೋಲಿಸಿ, ಒಂದೇ ಆಗಿದ್ದರೆ ಸೊನ್ನೆ ಕೊಡುತ್ತೆ.

ಐದನೆಯದು: ಫೈಲ್ ಹೆಸರಿನಲ್ಲಿ ಸ್ಪೇಸ್ ಇದೆ. ‘ಅಜ್ಜಿ ಮಾತು 2’ ಅಂತ ಹೆಸರಿಟ್ಟರೆ, ವೇರಿಯಬಲ್ ಸುತ್ತ ಡಬಲ್ ಕೋಟ್ ಹಾಕದ ಸ್ಕ್ರಿಪ್ಟ್ ಅದನ್ನು ಮೂರು ಬೇರೆ ಬೇರೆ ಹೆಸರು ಅಂದ್ಕೊಳ್ಳುತ್ತೆ. ಬಹಳ ಸಲ ‘ಅಂಥ ಫೈಲ್ ಇಲ್ಲ’ ಅಂತ ಗೊಣಗುತ್ತೆ. ಗ್ರಹಚಾರ ಕೆಟ್ಟಿದ್ದರೆ ಆ ತುಂಡು ಹೆಸರಿನದ್ದೇ ಇನ್ನೊಂದು ಫೈಲ್ ಇದ್ದು ಅದು ಹೋಗುತ್ತೆ.

ಆರನೆಯದು ಎಲ್ಲಕ್ಕಿಂತ ಮುಖ್ಯ: ಫೋಲ್ಡರ್ ಹೆಸರಿನ ಜಾಗದಲ್ಲಿ ಖಾಲಿ ಕೊಟ್ಟರೆ ಸ್ಕ್ರಿಪ್ಟ್ ಸೊನ್ನೆಯಲ್ಲದ ಕೋಡ್ ಕೊಟ್ಟು ನಿಲ್ಲಬೇಕು, ಒಂದು ಫೈಲ್ ಕೂಡ ಮುಟ್ಟಬಾರದು.

ಗಮನಿಸಿ, ಆರರಲ್ಲಿ ನಾಲ್ಕು ಟೆಸ್ಟ್ ‘ಮಾಡಬಾರದು’ ಅನ್ನೋದರ ಬಗ್ಗೆ. ಅಳಿಸುವ ಸ್ಕ್ರಿಪ್ಟ್‌ಗೆ ಅದೇ ಸರಿ. ಹಾಗಂತ ಬರೀ ‘ಮಾಡಬಾರದು’ ಟೆಸ್ಟ್‌ಗಳೇ ಇದ್ದರೂ ಕಷ್ಟ. ಏನೂ ಕೆಲಸ ಮಾಡದ ಸೋಮಾರಿ ಸ್ಕ್ರಿಪ್ಟ್ ಕೂಡ ಅವುಗಳಲ್ಲಿ ಹೆಚ್ಚಿನವುಗಳಲ್ಲಿ ಪಾಸಾಗುತ್ತೆ. ಅದಕ್ಕೇ ಒಂದನೆಯ ಟೆಸ್ಟ್ ಬೇಕು.

ಟೆಸ್ಟೇ ಮುಳುವಾಗದ ಹಾಗೆ

ಆರನೆಯ ಟೆಸ್ಟ್ ಬಗ್ಗೆ ನಿಮಗೊಂದು ಅನುಮಾನ ಬಂದಿರಬೇಕು. ಸ್ಕ್ರಿಪ್ಟ್‌ನಲ್ಲಿ ಆ ತಡೆ ಇನ್ನೂ ಇಲ್ಲ ಅಂದ್ಕೊಳ್ಳಿ. ಖಾಲಿ ಫೋಲ್ಡರ್ ಕೊಟ್ಟು ಟೆಸ್ಟ್ ಓಡಿಸಿದರೆ, ಟೆಸ್ಟೇ ನನ್ನ ಡಿಸ್ಕ್ ಗುಡಿಸಿಬಿಡುತ್ತಲ್ಲ? ಸರಿಯಾದ ಅನುಮಾನ. ಅದಕ್ಕೆ ಉಪಾಯ ಇದೆ.

ನೀವು ಆರ್‌ಎಂ ಅಂದಾಗ ಶೆಲ್ ಆ ಹೆಸರಿನ ಪ್ರೋಗ್ರಾಮ್ ಎಲ್ಲಿದೆ ಅಂತ ಪಾತ್ ಎಂಬ ಪಟ್ಟಿಯಲ್ಲಿರುವ ಫೋಲ್ಡರ್‌ಗಳಲ್ಲಿ ಸಾಲಾಗಿ ಹುಡುಕುತ್ತೆ, ಮೊದಲು ಸಿಕ್ಕಿದ್ದನ್ನು ಓಡಿಸುತ್ತೆ. ಟೆಸ್ಟ್‌ನಲ್ಲಿ ನಾವೇ ಒಂದು ಫೋಲ್ಡರ್ ಮಾಡಿ, ಅದರಲ್ಲಿ ಆರ್‌ಎಂ ಅಂತಲೇ ಹೆಸರಿರುವ ಎರಡು ಸಾಲಿನ ಡಮ್ಮಿ ಸ್ಕ್ರಿಪ್ಟ್ ಇಟ್ಟು, ಆ ಫೋಲ್ಡರ್‌ನ ಪಾತ್ ಪಟ್ಟಿಯ ಮುಂದಕ್ಕೆ ಸೇರಿಸಿದರೆ ಆಯಿತು. ಡಮ್ಮಿ ಏನನ್ನೂ ಅಳಿಸಲ್ಲ. ‘ನನ್ನನ್ನು ಇಂಥ ಹೆಸರು ಕೊಟ್ಟು ಕರೆದರು’ ಅಂತ ಒಂದು ಫೈಲ್‌ನಲ್ಲಿ ಬರೆದಿಡುತ್ತೆ, ಅಷ್ಟೇ. ಟೆಸ್ಟ್ ಮುಗಿದ ಮೇಲೆ ಆ ಫೈಲ್ ಖಾಲಿ ಇದ್ದರೆ ಪಾಸ್. ಒಂದು ಎಚ್ಚರ: ಸ್ಕ್ರಿಪ್ಟ್‌ನಲ್ಲಿ ಫೈಂಡ್ ಕಮಾಂಡ್‌ನ ಡಿಲೀಟ್ ಆಯ್ಕೆಯಿಂದ ಅಳಿಸ್ತಾ ಇದ್ದರೆ, ಅಥವಾ ಆರ್‌ಎಂನ ಪೂರ್ತಿ ವಿಳಾಸ ಬರೆದಿದ್ದರೆ ಈ ಡಮ್ಮಿಯನ್ನು ಅದು ಕೇಳೋದೇ ಇಲ್ಲ. ಇನ್ನೂ ಭದ್ರ ಬೇಕಂದ್ರೆ ಡಾಕರ್ ಥರದ ಕಂಟೇನರ್ ಒಳಗೆ ಟೆಸ್ಟ್ ಓಡಿಸಿ. ಹೋದರೆ ಆ ಕಂಟೇನರ್ ಹೋಗುತ್ತೆ.

ಇದೇ ಉಪಾಯ ನಕಲು ಮಾಡುವ ಭಾಗಕ್ಕೂ ಬರುತ್ತೆ. ನಾನು ನಕಲು ಮಾಡೋದು ಆರ್‌ಸಿಂಕ್‌ನಿಂದ. ಕೆಲವು ಫೈಲ್ ಮಾತ್ರ ನಕಲಾಗಿ ಮಿಕ್ಕಿದ್ದು ಕೈಕೊಟ್ಟರೆ ಅದು 23 ಎಂಬ ಕೋಡ್ ಕೊಡುತ್ತೆ. ನಿಜವಾಗಿ ಡಿಸ್ಕ್ ಕೆಡಿಸಿ ನೋಡೋಕೆ ಆಗುತ್ತಾ? ಡಮ್ಮಿ ಆರ್‌ಸಿಂಕ್ ಒಂದು ಮಾಡಿ, ‘ಸುಮ್ಮನೆ 23 ಕೊಟ್ಟು ಹೋಗು’ ಅಂತ ಬರೆದರೆ ಸಾಕು. ಆಗ ನೋಡಬೇಕಾದ್ದು, ನಕಲು ವಿಫಲವಾದ ರಾತ್ರಿ ನನ್ನ ಸ್ಕ್ರಿಪ್ಟ್ ಅಳಿಸುವ ಭಾಗಕ್ಕೆ ಕಾಲಿಡದೆ ನಿಲ್ಲುತ್ತಾ ಅಂತ.

ಶೆಲ್‌ಗೆ ಸ್ವಲ್ಪ ಶಿಸ್ತು

ಈ ಟೆಸ್ಟ್‌ಗಳು ಕೆಂಪು ತೋರಿಸಿದಾಗ ಸರಿಮಾಡೋದು ಹೇಗೆ? ಮೂರು ಸಾಮಾನ್ಯ ಮದ್ದುಗಳಿವೆ.

ಸ್ಕ್ರಿಪ್ಟ್‌ನ ಮೊದಲಲ್ಲೇ ‘ಸೆಟ್ ಮೈನಸ್ ಯು’ ಹಾಕಿದರೆ, ಬೆಲೆ ಕೊಡದ ವೇರಿಯಬಲ್ ಸಿಕ್ಕ ಕೂಡಲೇ ಶೆಲ್ ನಿಲ್ಲುತ್ತೆ. ಕ್ಯೋಟೋದಂಥ ಸಂದರ್ಭಕ್ಕೆ ಇದೇ ಮದ್ದು. ಆದರೆ ಸ್ಟೀಮ್‌ನ ಕಥೆಗೆ ಇದು ಸಾಲದು. ಅಲ್ಲಿ ವೇರಿಯಬಲ್‌ಗೆ ಬೆಲೆ ಕೊಟ್ಟಿದ್ದರು, ಕೊಟ್ಟ ಬೆಲೆಯೇ ಖಾಲಿ. ಅಂಥ ಕಡೆ ವೇರಿಯಬಲ್ ಹೆಸರಿನ ಮುಂದೆ, ಬ್ರೇಸ್ ಒಳಗೆ, ಕೋಲನ್ ಮತ್ತು ಪ್ರಶ್ನಾರ್ಥಕ ಚಿಹ್ನೆ ಹಾಕಬೇಕು. ಬೆಲೆ ಇಲ್ಲದಿದ್ದರೂ, ಖಾಲಿ ಇದ್ದರೂ, ಎರಡಕ್ಕೂ ನಿಲ್ಲುತ್ತೆ. ಎರಡೇ ಎರಡು ಅಕ್ಷರ.

ಎರಡನೆಯದು ‘ಸೆಟ್ ಮೈನಸ್ ಇ’ ಮತ್ತು ‘ಪೈಪ್‌ಫೇಲ್’. ಮಧ್ಯೆ ಯಾವುದಾದರೂ ಕಮಾಂಡ್ ಕೈಕೊಟ್ಟರೆ ಮುಂದಕ್ಕೆ ಹೋಗದೆ ನಿಲ್ಲು ಅಂತ ಅರ್ಥ. ಒಳ್ಳೇದೇ, ಆದರೆ ಕಣ್ಣುಮುಚ್ಚಿ ನಂಬಬೇಡಿ. ‘ಇಫ್’ ಷರತ್ತಿನ ಜಾಗದಲ್ಲಿ ಒಂದು ಫಂಕ್ಷನ್ ಕರೆದರೆ, ಆ ಫಂಕ್ಷನ್ ಒಳಗೆ ಮೈನಸ್ ಇ ಕೆಲಸ ಮಾಡಲ್ಲ. ಒಳಗೆ ಏನೇ ಕೈಕೊಟ್ಟರೂ ಮುಂದಕ್ಕೆ ಹೋಗ್ತಾ ಇರುತ್ತೆ. ಹೀಗಾಗೇ ಡಮ್ಮಿ ಆರ್‌ಸಿಂಕ್ ಟೆಸ್ಟ್ ಬೇಕು ಅನ್ನೋದು.

ಮೂರನೆಯದು ಶೆಲ್‌ಚೆಕ್. ಇದು ಸ್ಕ್ರಿಪ್ಟ್‌ನ ಓಡಿಸದೆ ಬರೀ ಓದಿ ತಪ್ಪು ಹೇಳುವ ಉಚಿತ ಸಾಧನ. ಕೋಟ್ ಬಿಟ್ಟಿದ್ದರೆ ಹೇಳುತ್ತೆ. ಸ್ಟೀಮ್‌ನಲ್ಲಿದ್ದಂಥ ಆರ್‌ಎಂ ಸಾಲು ಕಂಡರೆ, ಇದು ಖಾಲಿಯಾದರೆ ಬುಡಕ್ಕೇ ಬರುತ್ತೆ, ಕೋಲನ್ ಪ್ರಶ್ನಾರ್ಥಕ ಹಾಕಿ ಅಂತ ಎಚ್ಚರಿಸೋಕೆ ಅದರಲ್ಲಿ ಪ್ರತ್ಯೇಕ ನಿಯಮವೇ ಇದೆ. ಟೆಸ್ಟ್ ಬರೆಯೋಕೆ ಸಮಯ ಇಲ್ಲ ಅನ್ನುವವರು ಇವತ್ತು ರಾತ್ರಿ ಇದೊಂದನ್ನಾದರೂ ಓಡಿಸಿ. ಐದು ನಿಮಿಷದ ಕೆಲಸ.

ಹಸಿರು ಬಣ್ಣವನ್ನೂ ಅನುಮಾನಿಸಿ

ಬಿ.ಕಾಂ. ಮೊದಲ ವರ್ಷದಲ್ಲೇ ಒಂದು ಪಾಠ ಹೇಳಿಕೊಡ್ತಾರೆ. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಯಿತು ಅಂದ ಮಾತ್ರಕ್ಕೆ ಲೆಕ್ಕ ಸರಿ ಅಂತಲ್ಲ. ಒಂದು ವ್ಯವಹಾರವನ್ನು ಬರೆಯೋದನ್ನೇ ಬಿಟ್ಟಿದ್ದರೂ ಟ್ಯಾಲಿ ಆಗುತ್ತೆ. ಎರಡು ತಪ್ಪು ಒಂದನ್ನೊಂದು ಮುಚ್ಚಿಹಾಕಿದ್ದರೂ ಟ್ಯಾಲಿ ಆಗುತ್ತೆ. ಟೆಸ್ಟ್‌ಗಳೂ ಹಾಗೇ. ಪಾಸಾದರೆ, ನಾವು ಕೇಳಿದ ಪ್ರಶ್ನೆಗೆ ಸರಿ ಉತ್ತರ ಬಂತು ಅಂತಷ್ಟೇ ಅರ್ಥ.

ಹಾಗಾಗಿ ಟೆಸ್ಟ್ ಬರೆದ ಮೇಲೆ ಟೆಸ್ಟ್‌ಗೂ ಒಂದು ಪರೀಕ್ಷೆ ಕೊಡಿ. ಸ್ಕ್ರಿಪ್ಟ್‌ನಲ್ಲಿ ಬೇಕಂತಲೇ ಒಂದು ಸಾಲು ಕೆಡಿಸಿ. ಬ್ಯಾಕಪ್ ನೋಡುವ ಭಾಗ ತೆಗೆದುಹಾಕಿ. ಎರಡನೆಯ ಮತ್ತು ನಾಲ್ಕನೆಯ ಟೆಸ್ಟ್ ಕೆಂಪಾಗಬೇಕು. ಆಗದಿದ್ದರೆ ಆ ಟೆಸ್ಟ್ ಬರೀ ಅಲಂಕಾರಕ್ಕೆ ಇದೆ ಅಂತ.

ಬ್ಯಾಟ್ಸ್‌ನಲ್ಲಿ ಹೀಗೆ ಅಲಂಕಾರವಾಗಿ ಉಳಿಯುವ ಟೆಸ್ಟ್‌ಗಳು ಎರಡು ರೀತಿ. ‘ರನ್’ ಎಂಬ ಪದ ಹಾಕಿ ಸ್ಕ್ರಿಪ್ಟ್ ಓಡಿಸಿದರೆ, ಅದು ಎಕ್ಸಿಟ್ ಕೋಡನ್ನು ‘ಸ್ಟೇಟಸ್’ ಎಂಬ ವೇರಿಯಬಲ್‌ನಲ್ಲಿ ಎತ್ತಿಟ್ಟು ತಾನು ಸುಮ್ಮನಿರುತ್ತೆ. ಮುಂದಿನ ಸಾಲಿನಲ್ಲಿ ಆ ಸ್ಟೇಟಸ್ ಎಷ್ಟು ಅಂತ ನೀವು ನೋಡದಿದ್ದರೆ, ಸ್ಕ್ರಿಪ್ಟ್ ಕುಸಿದುಬಿದ್ದಿದ್ದರೂ ಟೆಸ್ಟ್ ಪಾಸ್. ಎರಡನೆಯದು, ‘ಈ ಕಮಾಂಡ್ ವಿಫಲವಾಗಬೇಕು’ ಅಂತ ಮುಂದೆ ಆಶ್ಚರ್ಯಸೂಚಕ ಚಿಹ್ನೆ ಹಾಕಿದ ಸಾಲು ಟೆಸ್ಟ್‌ನ ಮಧ್ಯದಲ್ಲಿದ್ದರೆ, ಅದು ಸುಳ್ಳಾದರೂ ಟೆಸ್ಟ್ ಮುಂದಕ್ಕೆ ಹೋಗುತ್ತೆ. ಇದು ಶೆಲ್‌ನದೇ ನಿಯಮ. ಅದಕ್ಕಾಗಿ ಬ್ಯಾಟ್ಸ್‌ನ 1.5 ಆವೃತ್ತಿಯಿಂದ ರನ್ ಪದದ ಮುಂದೆಯೇ ಆಶ್ಚರ್ಯಸೂಚಕ ಹಾಕುವ ಸೌಲಭ್ಯ ಇದೆ, ಅದನ್ನು ಬಳಸಿ.

ಇನ್ನೊಂದು ವಿಷಯ, ಯಂತ್ರದಿಂದ ಯಂತ್ರಕ್ಕೆ ಇರುವ ವ್ಯತ್ಯಾಸ. ಮ್ಯಾಕ್ ಜೊತೆ ಬರುವ ಬ್ಯಾಶ್ ಇವತ್ತಿಗೂ 3.2 ಆವೃತ್ತಿಯದು, ಆ ಸರಣಿ ಬಹಳ ಹಳೆಯದು. ಲಿನಕ್ಸ್‌ನಲ್ಲಿ ಇರೋದು 5ರ ಸರಣಿ. ಟಚ್‌ಗೆ ‘40 ದಿನದ ಹಿಂದೆ’ ಅಂತ ಮಾತಿನಲ್ಲಿ ತಾರೀಖು ಕೊಡೋದು ಲಿನಕ್ಸ್‌ನಲ್ಲಿ ನಡೆಯುತ್ತೆ, ಮ್ಯಾಕ್‌ನ ಟಚ್ ಒಪ್ಪಲ್ಲ. ಅಲ್ಲಿ ತಾರೀಖನ್ನು ಅಂಕಿಗಳಲ್ಲೇ ಕೊಡಬೇಕು. ಸ್ಕ್ರಿಪ್ಟ್ ಎಲ್ಲಿ ಓಡುತ್ತೋ ಟೆಸ್ಟನ್ನೂ ಅಲ್ಲೇ ಓಡಿಸಿ.

ಮತ್ತೆ, ಆಟೋಮೇಟೆಡ್ ಅಂದ ಮೇಲೆ ನೆನಪಿದ್ದಾಗ ಓಡಿಸಿದರೆ ಅದು ಆಟೋಮೇಟೆಡ್ ಅಲ್ಲ. ಸ್ಕ್ರಿಪ್ಟ್‌ನ ಗಿಟ್‌ನಲ್ಲಿ ಇಟ್ಟು, ‘ಪ್ರೀ ಕಮಿಟ್’ ಹುಕ್‌ನಲ್ಲಿ ಶೆಲ್‌ಚೆಕ್ ಮತ್ತು ಬ್ಯಾಟ್ಸ್ ಎರಡನ್ನೂ ಸೇರಿಸಿಬಿಡಿ. ಟೆಸ್ಟ್ ಕೆಂಪಾದರೆ ಬದಲಾವಣೆ ಒಳಗೆ ಹೋಗಲ್ಲ. ನನ್ನ ಆರು ಟೆಸ್ಟ್‌ಗಳು ಮುಗಿಯೋಕೆ ಎರಡು ಸೆಕೆಂಡ್ ಕೂಡ ಬೇಡ.

ಟೆಸ್ಟ್ ಇದ್ದಿದ್ದರೆ ಕ್ಯೋಟೋ ಉಳಿಯುತ್ತಿತ್ತಾ?

ಪ್ರಾಮಾಣಿಕವಾಗಿ ಹೇಳಬೇಕಂದ್ರೆ, ಹೊಸ ಸ್ಕ್ರಿಪ್ಟನ್ನು ಮೊದಲಿಂದ ಕೊನೆವರೆಗೆ ಓಡಿಸಿ ನೋಡುವ ಮಾಮೂಲಿ ಟೆಸ್ಟ್ ಅಲ್ಲಿ ಏನನ್ನೂ ಹಿಡೀತಾ ಇರಲಿಲ್ಲ. ಎಡವಟ್ಟು ಆಗಿದ್ದು ಹಳೇದು ಹೊಸದು ಬೆರೆತಾಗ. ಆದರೆ ‘ಫೋಲ್ಡರ್ ಖಾಲಿ ಬಂದರೆ ನಿಲ್ಲಬೇಕು’ ಅನ್ನೋ ಒಂದು ಟೆಸ್ಟ್ ಇದ್ದಿದ್ದರೆ, ಅದು ಪಾಸಾಗೋಕೆ ಯಾರಾದರೂ ಅಳಿಸುವ ಸಾಲಿನಲ್ಲೇ ತಡೆ ಹಾಕಲೇಬೇಕಾಗಿತ್ತು. ಖಾಲಿ ಯಾಕೆ ಬಂತು ಅನ್ನೋದು ಆ ತಡೆಗೆ ಬೇಕಾಗಿಲ್ಲ. ಬೆರೆತು ಬಂದರೂ ಅಷ್ಟೇ, ಬೇರೆ ಹೇಗೆ ಬಂದರೂ ಅಷ್ಟೇ, ಅದು ನಿಲ್ಲಿಸುತ್ತೆ. ಟೆಸ್ಟ್‌ನ ದೊಡ್ಡ ಲಾಭ ನನಗೆ ಕಾಣೋದು ಇಲ್ಲೇ. ಮುಂದೆ ಆಗುವುದನ್ನೆಲ್ಲ ಅದು ಊಹಿಸಲ್ಲ. ‘ಹೀಗಾದರೆ ಏನು ಗತಿ’ ಅನ್ನೋ ಪ್ರಶ್ನೆಯನ್ನು ನಮ್ಮ ಬಾಯಲ್ಲಿ ಒಂದು ಸಲ ಕೇಳಿಸುತ್ತೆ, ಆಮೇಲೆ ಪ್ರತಿ ಬದಲಾವಣೆಗೂ ಅದೇ ಪ್ರಶ್ನೆಯನ್ನು ತಾನೇ ಕೇಳ್ತಾ ಇರುತ್ತೆ.

ಟೆಸ್ಟ್ ಇದೆ ಅಂತ ಬ್ಯಾಕಪ್ ಬಿಡಬೇಡಿ. ಅಳಿಸುವ ಸ್ಕ್ರಿಪ್ಟ್ ಮುಟ್ಟಲಾಗದ ಕಡೆ ಒಂದು ಪ್ರತಿ ಇರಲಿ, ಕೆಲಸ ಮುಗಿದ ಮೇಲೆ ಕಿತ್ತಿಡುವ ಡಿಸ್ಕ್ ಆದರೂ ಸರಿ. ಸ್ಟೀಮ್‌ನ ಆ ಬಳಕೆದಾರನ ಬ್ಯಾಕಪ್ ಹೋಗಿದ್ದು ಅದು ಸಿಕ್ಕಿಸಿಯೇ ಇದ್ದದ್ದರಿಂದ.

ಎಲ್ಲ ಸ್ಕ್ರಿಪ್ಟ್‌ಗೂ ಟೆಸ್ಟ್ ಬರೆಯಿರಿ ಅಂತ ನಾನು ಹೇಳಲ್ಲ. ನಿಮ್ಮ ಸ್ಕ್ರಿಪ್ಟ್‌ಗಳಲ್ಲಿ ಆರ್‌ಎಂ ಎಲ್ಲೆಲ್ಲಿದೆ, ಫೈಂಡ್ ಜೊತೆ ಡಿಲೀಟ್ ಎಲ್ಲಿದೆ, ಎಂವಿ ಎಲ್ಲಿದೆ, ಆರ್‌ಸಿಂಕ್‌ಗೆ ಡಿಲೀಟ್ ಆಯ್ಕೆ ಎಲ್ಲಿ ಕೊಟ್ಟಿದ್ದೀರಿ ಅಂತ ಹುಡುಕಿ ಪಟ್ಟಿ ಮಾಡಿ. ಬಹುಶಃ ಮೂರೋ ನಾಲ್ಕೋ ಸಿಗುತ್ತೆ. ಅಷ್ಟಕ್ಕೆ ಮಾತ್ರ, ಖಾಲಿ ಕೊಟ್ಟರೆ ನಿಲ್ಲುತ್ತಾ ಅನ್ನೋ ಒಂದು ಟೆಸ್ಟ್‌ನಿಂದ ಶುರು ಮಾಡಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕೋದಕ್ಕಿಂತ ಈ ಭಾನುವಾರ ಒಂದು ಗಂಟೆ ಕೂತರೆ ಆಯ್ತು.

ಅಂಥ ಸಾಲು ನಿಮ್ಮಲ್ಲಿ ಸಿಕ್ಕಿದರೆ, ಅದಕ್ಕೆ ಯಾವ ಟೆಸ್ಟ್ ಬರೆದಿರಿ ಅಂತ ಕಳಿಸಿ. ಒಳ್ಳೆಯದನ್ನು ಮುಂದಿನ ಸಂಚಿಕೆಯಲ್ಲಿ ಓದ್ತೀನಿ.